ಗ್ರಾಮ ಪಂಚಾಯಿತಿಯ ದಾಖಲೆಗಳಿಗೆ ಸೈಬರ್ ರಕ್ಷಣೆ: ಸದಸ್ಯರು ಅರಿತಿರಬೇಕಾದ ಸಂಗತಿಗಳು

2017ರ ಮೇ 15, ಸೋಮವಾರ. ನೆರೆಯ ಕೇರಳ ರಾಜ್ಯದ ವಯನಾಡು ಜಿಲ್ಲೆಯ ತರಿಯೋಡ್ ಗ್ರಾಮ ಪಂಚಾಯಿತಿ ಕಚೇರಿಯ ಕಂಪ್ಯೂಟರ್‌ಗಳಲ್ಲಿ ಕಡತಗಳು ತೆರೆಯಲಿಲ್ಲ. ಪರದೆಯ ಮೇಲೆ ಹಣದ ಬೇಡಿಕೆಯ ಸಂದೇಶವೊಂದು ಮೂಡಿತ್ತು. 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಪಾವತಿಸಿದರೆ ಮಾತ್ರ ಕಡತಗಳು ಮರಳಿ ದೊರೆಯುತ್ತವೆ ಎಂಬುದು ಅದರ ಸಾರ. ಪತ್ತನಂತಿಟ್ಟ ಜಿಲ್ಲೆಯ ಇನ್ನೊಂದು ಗ್ರಾಮ ಪಂಚಾಯಿತಿಯಲ್ಲೂ ಇದೇ ಸ್ಥಿತಿ ಒದಗಿತು. ಮೂರು ದಿನಗಳ ಹಿಂದೆ, ಮೇ 12ರಂದು ಹರಡಲಾರಂಭಿಸಿದ ‘ವಾನ್ನಾಕ್ರೈ’ ಎಂಬ ದುರುದ್ದೇಶದ ತಂತ್ರಾಂಶ 150ಕ್ಕೂ ಹೆಚ್ಚು ದೇಶಗಳ ಕಂಪ್ಯೂಟರ್‌ಗಳನ್ನು ಆಗಲೇ ಕೆಡಿಸಿತ್ತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳನ್ನು ಸ್ಥಗಿತಗೊಳಿಸಿದ ದಾಳಿಯೇ ಮಲೆನಾಡಿನ ಒಂದು ಸಣ್ಣ ಪಂಚಾಯಿತಿಯ ಮೇಜನ್ನೂ ತಲುಪಿತ್ತು.

ಈ ದಾಳಿ ಯಾವುದೋ ಒಂದು ಪಂಚಾಯಿತಿಯನ್ನು ಗುರಿಯಾಗಿಸಿಕೊಂಡದ್ದಲ್ಲ. ಬಾಗಿಲು ಭದ್ರವಿಲ್ಲದ ಯಂತ್ರವನ್ನು ಹುಡುಕುತ್ತ ಹೋಗುವುದೇ ಇಂತಹ ತಂತ್ರಾಂಶದ ಕೆಲಸ. ಆದುದರಿಂದ ‘ಸಣ್ಣ ಊರಿನ ಕಚೇರಿಯ ಮೇಲೆ ಯಾರು ಕಣ್ಣು ಹಾಕುತ್ತಾರೆ’ ಎಂಬ ನೆಮ್ಮದಿಗೆ ಆಧಾರವಿಲ್ಲ. ಗ್ರಾಮ ಪಂಚಾಯಿತಿಯೊಂದು ತನ್ನ ದಾಖಲೆಗಳನ್ನು ಹೇಗೆ ಕಾಪಾಡಿಕೊಳ್ಳಬೇಕು, ದಾಳಿಯಾದರೆ ಜನರ ಕೆಲಸ ನಿಲ್ಲದಂತೆ ಹೇಗೆ ಚೇತರಿಸಿಕೊಳ್ಳಬೇಕು ಮತ್ತು ಇದರಲ್ಲಿ ಚುನಾಯಿತ ಸದಸ್ಯರ ಪಾತ್ರವೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ರಕ್ಷಿಸಬೇಕಾದುದು ಏನು?

ಗ್ರಾಮ ಪಂಚಾಯಿತಿಯ ಮಾಹಿತಿ ಎರಡು ಕಡೆಗಳಲ್ಲಿದೆ. ಪಂಚತಂತ್ರ, ಇ-ಸ್ವತ್ತು, ಇ-ಗ್ರಾಮಸ್ವರಾಜ್ ಮುಂತಾದ ತಂತ್ರಾಂಶಗಳ ದತ್ತಾಂಶವು ಕಚೇರಿಯ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಅದು ಸರ್ಕಾರದ ಸರ್ವರ್‌ಗಳಲ್ಲಿದೆ. ಆ ಸರ್ವರ್‌ಗಳ ರಕ್ಷಣೆ ಗ್ರಾಮ ಪಂಚಾಯಿತಿಯ ಹೊಣೆಯಲ್ಲ. ಆದರೆ ಅವುಗಳನ್ನು ಪ್ರವೇಶಿಸುವ ಕೀಲಿಗಳು, ಅಂದರೆ ಬಳಕೆದಾರರ ಹೆಸರು, ಪಾಸ್‌ವರ್ಡ್, ಮೊಬೈಲಿಗೆ ಬರುವ ಒಟಿಪಿ ಮತ್ತು ಡಿಜಿಟಲ್ ಸಹಿಯ ಸಾಧನ, ಪಂಚಾಯಿತಿಯವರ ಕೈಯಲ್ಲೇ ಇವೆ.

ಎರಡನೆಯದು ಕಚೇರಿಯ ಕಂಪ್ಯೂಟರಿನಲ್ಲಿಯೇ ಉಳಿದಿರುವ ಮಾಹಿತಿ. ಸಭಾ ನಡವಳಿಗಳ ಪ್ರತಿ, ಸ್ಕ್ಯಾನ್ ಮಾಡಿದ ಆಸ್ತಿ ದಾಖಲೆಗಳು, ವಸತಿ ಯೋಜನೆಯ ಅರ್ಜಿಗಳು, ಫಲಾನುಭವಿಗಳ ಪಟ್ಟಿ, ಕಾಮಗಾರಿಯ ಛಾಯಾಚಿತ್ರಗಳು, ಕ್ರಿಯಾ ಯೋಜನೆಯ ಕರಡು, ಪತ್ರವ್ಯವಹಾರ ಇವೆಲ್ಲ ಬಹುತೇಕ ಒಂದೇ ಹಾರ್ಡ್‌ಡಿಸ್ಕಿನಲ್ಲಿ ಇರುತ್ತವೆ. ಆ ಡಿಸ್ಕ್ ಕೆಟ್ಟರೂ, ಕಳುವಾದರೂ, ದಾಳಿಗೆ ತುತ್ತಾದರೂ ಪರಿಣಾಮ ಒಂದೇ. ಮನೆಯ ಖಾತೆ ಬದಲಾವಣೆಗೆ ಅರ್ಜಿ ಕೊಟ್ಟ ವಿಧವೆಯೊಬ್ಬರು ಎಲ್ಲ ದಾಖಲೆಗಳನ್ನೂ ಮತ್ತೆ ಹೊಂದಿಸಿಕೊಂಡು ಬರಬೇಕಾಗುತ್ತದೆ. ಕಂಪ್ಯೂಟರಿನ ನಷ್ಟವನ್ನು ಅನುದಾನದಿಂದ ತುಂಬಿಕೊಳ್ಳಬಹುದು. ಅಂತಹವರ ನಷ್ಟವನ್ನು ತುಂಬಿಕೊಡುವುದು ಸುಲಭವಲ್ಲ.

ದಾಳಿಗಳು ನಡೆಯುವ ಬಗೆ

ಮೊದಲನೆಯದು, ಕಡತಗಳನ್ನು ಒತ್ತೆಯಿಟ್ಟುಕೊಳ್ಳುವ ದಾಳಿ. ಇದನ್ನು ರಾನ್ಸಮ್‌ವೇರ್ ಎನ್ನಲಾಗುತ್ತದೆ. ಈ ತಂತ್ರಾಂಶವು ಕಡತಗಳನ್ನು ಅಳಿಸುವುದಿಲ್ಲ. ಅವುಗಳನ್ನು ಗೂಢಲಿಪಿಗೆ ಪರಿವರ್ತಿಸಿ, ಬಿಡಿಸುವ ಕೀಲಿಗೆ ಹಣ ಕೇಳುತ್ತದೆ. ಕಂಪ್ಯೂಟರಿಗೆ ಜೋಡಿಸಿದ ಪೆನ್‌ಡ್ರೈವ್, ಹೊರ ಹಾರ್ಡ್‌ಡಿಸ್ಕ್ ಹಾಗೂ ಅದೇ ಜಾಲದ ಇತರ ಕಂಪ್ಯೂಟರ್‌ಗಳಿಗೂ ಅದು ಹರಡಬಲ್ಲದು. ವಾನ್ನಾಕ್ರೈ ಬಳಸಿಕೊಂಡ ದೋಷವನ್ನು ಸರಿಪಡಿಸುವ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಎರಡು ತಿಂಗಳು ಮೊದಲೇ, 2017ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿತ್ತು. ಆ ಪರಿಷ್ಕರಣೆಯನ್ನು ಅಳವಡಿಸಿಕೊಂಡಿದ್ದ ಯಂತ್ರಗಳಿಗೆ ಆ ದೋಷದ ಮೂಲಕ ವಾನ್ನಾಕ್ರೈ ಹರಡಲು ಸಾಧ್ಯವಿರಲಿಲ್ಲ. ವಿಂಡೋಸ್ 7ಕ್ಕೆ ಸಾಮಾನ್ಯ ಭದ್ರತಾ ಪರಿಷ್ಕರಣೆಗಳು 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ನಿಂತಿವೆ. ಇಂತಹ ಹಳೆಯ ಯಂತ್ರಗಳು ಕಚೇರಿಯಲ್ಲಿ ಎಷ್ಟಿವೆ ಎಂಬುದನ್ನು ಪ್ರತಿ ಪಂಚಾಯಿತಿಯೂ ಎಣಿಸಿಕೊಳ್ಳುವುದು ಅಗತ್ಯ.

ಎರಡನೆಯದು, ನಂಬಿಸಿ ಕೀಲಿ ಪಡೆಯುವ ದಾಳಿ. ‘ಜಿಲ್ಲಾ ಕಚೇರಿಯಿಂದ ಮಾತನಾಡುತ್ತಿದ್ದೇವೆ, ಅನುದಾನ ಬಿಡುಗಡೆಗೆ ಒಟಿಪಿ ತಿಳಿಸಿ’ ಎಂಬ ಕರೆ, ಸರ್ಕಾರಿ ಜಾಲತಾಣವನ್ನೇ ಹೋಲುವ ನಕಲಿ ಪುಟ, ವಾಟ್ಸ್‌ಆ್ಯಪ್‌ನಲ್ಲಿ ಲಗ್ನಪತ್ರಿಕೆಯ ಹೆಸರಿನಲ್ಲೋ ಕಿಸಾನ್ ಸಮ್ಮಾನ್ ಯೋಜನೆಯ ಹೆಸರಿನಲ್ಲೋ ಬರುವ ‘ಎಪಿಕೆ’ ಕಡತ ಇವು ಈಗ ರೂಢಿಯಲ್ಲಿರುವ ಮಾರ್ಗಗಳು. ಎಪಿಕೆ ಎಂಬುದು ಚಿತ್ರವೂ ಅಲ್ಲ, ಪತ್ರವೂ ಅಲ್ಲ. ಅದು ಮೊಬೈಲಿನಲ್ಲಿ ಅಳವಡಿಕೆಯಾಗುವ ತಂತ್ರಾಂಶ. ಒಮ್ಮೆ ಅನುಮತಿ ದೊರೆತರೆ ಮೊಬೈಲಿಗೆ ಬರುವ ಒಟಿಪಿಯನ್ನು ಅದು ಓದಿ ಬೇರೆಡೆಗೆ ಕಳುಹಿಸಬಲ್ಲದು. ಯಾವ ಸರ್ಕಾರಿ ಕಚೇರಿಯೂ ದೂರವಾಣಿಯಲ್ಲಿ ಒಟಿಪಿ ಅಥವಾ ಪಾಸ್‌ವರ್ಡ್ ಕೇಳುವುದಿಲ್ಲ. ಸಂದೇಹವಿದ್ದಲ್ಲಿ ಕರೆಯನ್ನು ಕಡಿದು, ತಾಲ್ಲೂಕು ಪಂಚಾಯಿತಿಯ ಗೊತ್ತಿರುವ ಸಂಖ್ಯೆಗೆ ತಾವೇ ಕರೆ ಮಾಡಿ ಖಚಿತಪಡಿಸಿಕೊಳ್ಳುವುದು ಸುರಕ್ಷಿತ ಕ್ರಮ.

ಮೂರನೆಯದು, ಹಣ ಪಾವತಿಯ ವ್ಯವಸ್ಥೆಯೊಳಗೆ ನುಸುಳುವ ದಾಳಿ. 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣದಿಂದ ಗುತ್ತಿಗೆದಾರರಿಗೆ ಮರಳಬೇಕಾಗಿದ್ದ ಟೆಂಡರ್ ಠೇವಣಿಯಲ್ಲಿ ಸುಮಾರು 11.5 ಕೋಟಿ ರೂಪಾಯಿ ಅನ್ಯರ ಖಾತೆಗಳಿಗೆ ವರ್ಗಾವಣೆಯಾಗಿತ್ತು. ಸರ್ಕಾರಿ ಹಣದ ದಾರಿಯಲ್ಲಿಯೇ ಹೊಂಚು ಹಾಕುವವರು ಇದ್ದಾರೆ ಎಂಬುದಕ್ಕೆ ಈ ಪ್ರಕರಣ ಸಾಕ್ಷಿ.

ಡಿಜಿಟಲ್ ಸಹಿ ಯಾರ ಕೈಯಲ್ಲಿದೆ?

ಗ್ರಾಮ ಪಂಚಾಯಿತಿಯ ಪಾವತಿಗಳಿಗೆ ಇಬ್ಬರ ಒಪ್ಪಿಗೆ ಬೇಕೆಂಬ ವ್ಯವಸ್ಥೆಯ ಉದ್ದೇಶ ಸ್ಪಷ್ಟ: ಒಬ್ಬರು ಸಿದ್ಧಪಡಿಸಿದ್ದನ್ನು ಇನ್ನೊಬ್ಬರು ಪರಿಶೀಲಿಸಬೇಕು. ಎರಡೂ ಸಹಿಗಳ ಡಾಂಗಲ್‌ಗಳು ಒಂದೇ ಮೇಜಿನ ಸೆಳೆಖಾನೆಯಲ್ಲಿದ್ದು, ಪಿನ್ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಅಂಟಿಸಿದ್ದರೆ ಈ ಏರ್ಪಾಡಿಗೆ ಅರ್ಥವೇ ಉಳಿಯುವುದಿಲ್ಲ. ಕೆಲಸದ ಅವಸರದಲ್ಲಿ ಡಾಂಗಲ್ ಅನ್ನು ಆಪರೇಟರ್, ಕುಟುಂಬದ ಸದಸ್ಯರು ಅಥವಾ ಗುತ್ತಿಗೆದಾರರ ಬಳಿ ಬಿಟ್ಟುಬಿಡುವ ರೂಢಿ ಎಲ್ಲಿಯೇ ಇದ್ದರೂ ಅದನ್ನು ಕೊನೆಗಾಣಿಸಬೇಕು.

ಇದು ಕೇವಲ ಶಿಸ್ತಿನ ಮಾತಲ್ಲ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 42ನೇ ಪ್ರಕರಣದ ಪ್ರಕಾರ ಡಿಜಿಟಲ್ ಸಹಿ ಪಡೆದವರು ಅದರ ಗೋಪ್ಯ ಕೀಲಿಯನ್ನು ತಮ್ಮ ಹತೋಟಿಯಲ್ಲಿಟ್ಟುಕೊಳ್ಳಲು ಸೂಕ್ತ ಎಚ್ಚರ ವಹಿಸಬೇಕು. ಕೀಲಿಯು ಅನ್ಯರ ಪಾಲಾದರೆ ಪ್ರಮಾಣಪತ್ರ ನೀಡಿದ ಪ್ರಾಧಿಕಾರಕ್ಕೆ ತಡಮಾಡದೆ ತಿಳಿಸಬೇಕು. ಹಾಗೆ ತಿಳಿಸುವವರೆಗೆ ಹೊಣೆಗಾರಿಕೆ ಸಹಿ ಪಡೆದವರದೇ. ಅಂದರೆ ಅಧ್ಯಕ್ಷರ ಹೆಸರಿನ ಸಹಿಯನ್ನು ಬೇರೊಬ್ಬರು ಒತ್ತಿದರೂ ಮೊದಲ ಪ್ರಶ್ನೆ ಅಧ್ಯಕ್ಷರಿಗೇ ಬರುತ್ತದೆ. ಇನ್ನೊಬ್ಬರ ವಿದ್ಯುನ್ಮಾನ ಸಹಿ ಅಥವಾ ಪಾಸ್‌ವರ್ಡನ್ನು ವಂಚನೆಯಿಂದ ಬಳಸುವುದು ಅದೇ ಅಧಿನಿಯಮದ 66ಸಿ ಪ್ರಕರಣದಡಿ ಮೂರು ವರ್ಷಗಳವರೆಗಿನ ಕಾರಾವಾಸ ಮತ್ತು ಒಂದು ಲಕ್ಷ ರೂಪಾಯಿವರೆಗಿನ ದಂಡಕ್ಕೆ ಗುರಿಮಾಡುವ ಅಪರಾಧ.

ಆದುದರಿಂದ ಡಾಂಗಲ್ ಅನ್ನು ಬಳಸುವಾಗ ಮಾತ್ರ ಕಂಪ್ಯೂಟರಿಗೆ ಜೋಡಿಸಬೇಕು. ಕೆಲಸ ಮುಗಿದೊಡನೆ ತೆಗೆದು ಅವರವರೇ ಇಟ್ಟುಕೊಳ್ಳಬೇಕು. ಪಿನ್ ಸಂಖ್ಯೆಯನ್ನು ಯಾರಿಗೂ ಹೇಳಬಾರದು. ಅಧ್ಯಕ್ಷರು ಬದಲಾದಾಗ, ಅಭಿವೃದ್ಧಿ ಅಧಿಕಾರಿ ಅಥವಾ ಆಪರೇಟರ್ ವರ್ಗಾವಣೆಯಾದಾಗ ಅವರ ಸಹಿ ಮತ್ತು ಲಾಗಿನ್‌ಗಳನ್ನು ಅಂದೇ ರದ್ದುಪಡಿಸಿ, ಆ ವಿವರವನ್ನು ಪ್ರಭಾರ ಹಸ್ತಾಂತರ ಪಟ್ಟಿಯಲ್ಲಿ ಬೀಗದ ಕೈ ಹಾಗೂ ನಗದು ಪುಸ್ತಕದ ಜೊತೆಗೇ ದಾಖಲಿಸಬೇಕು.

ಬ್ಯಾಕಪ್: ಚೇತರಿಕೆಯ ಬುನಾದಿ

ಯಾವ ಎಚ್ಚರಿಕೆಯೂ ಪೂರ್ಣ ರಕ್ಷಣೆ ನೀಡದು. ಆದುದರಿಂದ ದಾಳಿಯನ್ನು ತಡೆಯುವುದರ ಜೊತೆಗೆ ದಾಳಿಯ ನಂತರ ಎದ್ದು ನಿಲ್ಲುವ ಸಿದ್ಧತೆಯೂ ಇರಬೇಕು. 2022ರ ನವೆಂಬರ್ 23ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ, ಅಂದರೆ ಏಮ್ಸ್‌ನ, ಸರ್ವರ್‌ಗಳು ದಾಳಿಗೊಳಗಾದವು. ಐದು ಸರ್ವರ್‌ಗಳ ಸುಮಾರು 1.3 ಟೆರಾಬೈಟ್ ದತ್ತಾಂಶ ಗೂಢಲಿಪಿಗೆ ಸಿಲುಕಿತೆಂದೂ, ಜಾಲವನ್ನು ಸರಿಯಾಗಿ ವಿಭಾಗಿಸದಿದ್ದುದು ಕಾರಣವೆಂದೂ ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ನೋಂದಣಿಯಿಂದ ಹಿಡಿದು ಅನೇಕ ಸೇವೆಗಳು ಹಲವು ದಿನ ಕಾಗದದ ಮೇಲೆ, ಕೈಬರಹದಲ್ಲಿ ನಡೆದವು. ದಾಳಿ ತಲುಪದ ಒಂದು ಬ್ಯಾಕಪ್ ಸರ್ವರ್‌ನಲ್ಲಿ ಆಸ್ಪತ್ರೆಯ ದತ್ತಾಂಶ ಉಳಿದಿದ್ದುದರಿಂದ ಅದನ್ನು ಹೊಸ ಸರ್ವರ್‌ಗಳಿಗೆ ಮರಳಿ ತರಲು ಸಾಧ್ಯವಾಯಿತು. ಎರಡು ವಾರಗಳ ನಂತರ ಹೆಚ್ಚಿನ ಸೇವೆಗಳು ಪುನರಾರಂಭಗೊಂಡವು.

ಈ ಘಟನೆಯಿಂದ ಗ್ರಹಿಸಬೇಕಾದ ಅಂಶಗಳು ಎರಡು. ದೇಶದ ಅತ್ಯುನ್ನತ ಆಸ್ಪತ್ರೆಯನ್ನು ಉಳಿಸಿದ್ದು ಬೇರೆಯಾಗಿ ಇಟ್ಟಿದ್ದ ಒಂದು ಪ್ರತಿ. ಆ ಪ್ರತಿ ಕೈಗೆ ಬರುವವರೆಗೆ ಕೆಲಸ ನಡೆಸಿದ್ದು ಕಾಗದ ಮತ್ತು ಸಿಬ್ಬಂದಿಯ ಶ್ರಮ.

ಬ್ಯಾಕಪ್ ಕುರಿತು ಎಲ್ಲೆಡೆ ಅನುಸರಿಸುವ ಸರಳ ಸೂತ್ರವೊಂದಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಸ್ಥಳದಲ್ಲಿ. ಗ್ರಾಮ ಪಂಚಾಯಿತಿಗೆ ಇದನ್ನು ಹೀಗೆ ಹೊಂದಿಸಿಕೊಳ್ಳಬಹುದು. ಮೂಲ ಕಡತಗಳು ಕಂಪ್ಯೂಟರಿನಲ್ಲಿ ಇರುತ್ತವೆ. ಎರಡು ಹೊರ ಹಾರ್ಡ್‌ಡಿಸ್ಕ್‌ಗಳನ್ನು ಖರೀದಿಸಿ ಒಂದಕ್ಕೆ ಪ್ರತಿ ವಾರ ನಿಗದಿತ ದಿನ ನಕಲು ಮಾಡಿ ಕಚೇರಿಯ ಕಬ್ಬಿಣದ ಬೀರುವಿನಲ್ಲಿ ಇಡಬೇಕು. ಇನ್ನೊಂದಕ್ಕೆ ತಿಂಗಳಿಗೊಮ್ಮೆ ನಕಲು ಮಾಡಿ, ಲಿಖಿತ ಒಪ್ಪಿಗೆಯೊಡನೆ ತಾಲ್ಲೂಕು ಪಂಚಾಯಿತಿ ಕಚೇರಿಯಂತಹ ಬೇರೆ ಸರ್ಕಾರಿ ಕಟ್ಟಡದಲ್ಲಿ ಇಡಬೇಕು. ಎರಡು ಡಿಸ್ಕ್‌ಗಳಿಗೆ ತಗಲುವ ವೆಚ್ಚ ಕೆಲವು ಸಾವಿರ ರೂಪಾಯಿ ಮಾತ್ರ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು ಮೂರು. ಡಿಸ್ಕನ್ನು ಸದಾ ಕಂಪ್ಯೂಟರಿಗೆ ಜೋಡಿಸಿಯೇ ಬಿಡುವುದು ಮೊದಲನೆಯದು. ರಾನ್ಸಮ್‌ವೇರ್ ಬಂದಾಗ ಮೂಲದೊಡನೆ ನಕಲೂ ಹೋಗುತ್ತದೆ. ಡಿಸ್ಕಿಗೆ ಪಾಸ್‌ವರ್ಡ್ ರಕ್ಷಣೆ ಇಲ್ಲದಿರುವುದು ಎರಡನೆಯದು; ಡಿಸ್ಕ್ ಕಳೆದರೆ ಊರಿನವರ ಆಧಾರ್ ಪ್ರತಿಗಳೆಲ್ಲ ಬೀದಿಪಾಲಾಗುತ್ತವೆ. ಆ ಪಾಸ್‌ವರ್ಡನ್ನು ಮೊಹರು ಮಾಡಿದ ಲಕೋಟೆಯಲ್ಲಿ ಬೇರೆಯಾಗಿ ಇಡಬೇಕು. ನಕಲು ಸರಿಯಾಗಿದೆಯೇ ಎಂದು ಎಂದೂ ತೆರೆದು ನೋಡದಿರುವುದು ಮೂರನೆಯ ಮತ್ತು ಅತಿ ದೊಡ್ಡ ತಪ್ಪು. ಮೂರು ತಿಂಗಳಿಗೊಮ್ಮೆ ಬೇರೆ ಬೇರೆ ವರ್ಷಗಳ ಐದು ಕಡತಗಳನ್ನು ನಕಲಿನಿಂದ ತೆರೆದು ನೋಡಿ, ಫಲಿತಾಂಶವನ್ನು ವಹಿಯಲ್ಲಿ ಬರೆಯಬೇಕು. ಬಿತ್ತುವ ಮೊದಲು ರೈತರು ಬೀಜದ ಮೊಳಕೆ ಪರೀಕ್ಷಿಸುವಂತೆಯೇ ಇದು.

ಜನರ ಖಾಸಗಿ ಮಾಹಿತಿ

ದಾಳಿ ಮಾಡದೆಯೇ ಮಾಹಿತಿ ಸೋರುವುದೂ ಉಂಟು. ಫಲಾನುಭವಿಗಳ ಪಟ್ಟಿಯನ್ನು ಆಧಾರ್ ಸಂಖ್ಯೆ ಹಾಗೂ ಬ್ಯಾಂಕ್ ಖಾತೆ ಸಂಖ್ಯೆಗಳ ಸಹಿತ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು, ಸೂಚನಾ ಫಲಕಕ್ಕೆ ಅಂಟಿಸುವುದು, ಹಳೆಯ ಅರ್ಜಿಗಳ ಜೆರಾಕ್ಸ್ ಪ್ರತಿಗಳನ್ನು ರದ್ದಿಗೆ ಹಾಕುವುದು ಇವೆಲ್ಲ ಕೀಲಿಯನ್ನು ಬಾಗಿಲಿನಲ್ಲಿಯೇ ಬಿಟ್ಟಂತೆ. 2023ರಲ್ಲಿ ರಾಜ್ಯದ ಹಲವೆಡೆ, ನೋಂದಣಿ ದಾಖಲೆಗಳಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಬೆರಳಚ್ಚುಗಳನ್ನು ದುರ್ಬಳಕೆ ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಖಾತೆಗಳಿಂದ ಹಣ ತೆಗೆದ ದೂರುಗಳು ಪೊಲೀಸರ ಮುಂದೆ ಬಂದವು. ಇಂತಹ ವಂಚನೆಗೆ ಒಟಿಪಿಯೂ ಬೇಕಿಲ್ಲ. ಬೆರಳಚ್ಚನ್ನು ಲಾಕ್ ಮಾಡಿಡುವ ಸೌಲಭ್ಯ ಆಧಾರ್ ಪ್ರಾಧಿಕಾರದ ಜಾಲತಾಣ ಮತ್ತು ಆ್ಯಪ್‌ನಲ್ಲಿದೆ ಎಂಬುದನ್ನು ಗ್ರಾಮಸಭೆಗಳಲ್ಲಿ ತಿಳಿಸಬಹುದು.

ಪಾರದರ್ಶಕತೆ ಮತ್ತು ಗೋಪ್ಯತೆ ಒಂದಕ್ಕೊಂದು ವಿರುದ್ಧವಲ್ಲ. ಮಾಹಿತಿ ಹಕ್ಕು ಅಧಿನಿಯಮ, 2005ರ ಆಶಯದಂತೆ ಫಲಾನುಭವಿಯ ಹೆಸರು, ಯೋಜನೆ ಮತ್ತು ಮೊತ್ತವನ್ನು ಪ್ರಕಟಿಸಲೇಬೇಕು. ಆದರೆ ಆಧಾರ್ ಅಧಿನಿಯಮ, 2016ರ 29ನೇ ಪ್ರಕರಣವು ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರದರ್ಶಿಸುವುದನ್ನು ನಿರ್ಬಂಧಿಸುತ್ತದೆ. ಪಟ್ಟಿಯಲ್ಲಿ ಆಧಾರ್ ಮತ್ತು ಖಾತೆ ಸಂಖ್ಯೆಗಳ ಕೊನೆಯ ನಾಲ್ಕು ಅಂಕಿಗಳನ್ನಷ್ಟೇ ಉಳಿಸಿ ಉಳಿದುದನ್ನು ಮರೆಮಾಡಿದರೆ ಎರಡೂ ಉದ್ದೇಶಗಳು ಈಡೇರುತ್ತವೆ.

ದಾಳಿಯಾದಾಗ ಮೊದಲ ಗಂಟೆಯ ಕ್ರಮಗಳು

ಕೆಳಗಿನ ಕ್ರಮಗಳನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸುವುದು ಸೂಕ್ತ. ದಾಳಿಯ ದಿನ ಕಂಪ್ಯೂಟರಿನೊಳಗಿನ ಸೂಚನೆಯನ್ನು ಓದಲು ಸಾಧ್ಯವಾಗದು.

1. ಇಂಟರ್‌ನೆಟ್ ಕೇಬಲ್ ತೆಗೆಯಬೇಕು, ವೈಫೈ ಆರಿಸಬೇಕು. ಕಚೇರಿಯ ಇತರ ಕಂಪ್ಯೂಟರ್‌ಗಳನ್ನೂ ಜಾಲದಿಂದ ಬೇರ್ಪಡಿಸಬೇಕು.
2. ಬ್ಯಾಕಪ್ ಡಿಸ್ಕನ್ನು ಆ ಯಂತ್ರಕ್ಕೆ ಜೋಡಿಸಬಾರದು.
3. ಪರದೆಯ ಮೇಲಿನ ಸಂದೇಶದ ಛಾಯಾಚಿತ್ರ ತೆಗೆದು, ಸಮಯವನ್ನು ಬರೆದಿಡಬೇಕು. ತಜ್ಞರು ನೋಡುವವರೆಗೆ ಯಾವುದನ್ನೂ ಅಳಿಸಬಾರದು, ಫಾರ್ಮ್ಯಾಟ್ ಮಾಡಿಸಬಾರದು, ಅದು ಸಾಕ್ಷ್ಯ.
4. ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಯವರಿಗೆ ಕೂಡಲೇ ತಿಳಿಸಬೇಕು. ಅವರ ಮೂಲಕ ಜಿಲ್ಲಾ ಪಂಚಾಯಿತಿಗೆ ವರದಿಯಾಗಬೇಕು. ‘ಸರ್ಟ್-ಇನ್’ ಎಂಬ ಕೇಂದ್ರ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ ಸರ್ಕಾರಿ ಸಂಸ್ಥೆಗಳು ಸೈಬರ್ ಘಟನೆಯನ್ನು ಗಮನಕ್ಕೆ ಬಂದ ಆರು ಗಂಟೆಗಳೊಳಗೆ ವರದಿ ಮಾಡಬೇಕು.
5. ಹಣ ಹೋಗಿದ್ದರೆ ಅಥವಾ ಹೋಗುವ ಸಂಭವವಿದ್ದರೆ ಬ್ಯಾಂಕಿಗೆ ತಿಳಿಸಿ, 1930 ಸಹಾಯವಾಣಿಗೆ ಕರೆ ಮಾಡಬೇಕು. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗನೆ ಸಾಗುತ್ತದೆ. ವಿಳಂಬವಾದಷ್ಟೂ ಅದನ್ನು ತಡೆಹಿಡಿಯುವುದು ಕಷ್ಟ. ಬಳಿಕ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಬೇಕು.
6. ಸುರಕ್ಷಿತವಾದ ಬೇರೊಂದು ಯಂತ್ರದಿಂದ ಎಲ್ಲ ಪಾಸ್‌ವರ್ಡ್‌ಗಳನ್ನು ಬದಲಿಸಬೇಕು. ಸಂದೇಹವಿದ್ದರೆ ಡಿಜಿಟಲ್ ಸಹಿಯನ್ನು ರದ್ದುಪಡಿಸಲು ಕೋರಬೇಕು.
7. ದಾಳಿಕೋರರಿಗೆ ಹಣ ಕೊಡಬಾರದು. ಕೊಟ್ಟರೂ ಕಡತಗಳು ಮರಳುವ ಖಾತರಿಯಿಲ್ಲ.

ಈ ಎಲ್ಲ ಕ್ರಮಗಳೂ ಒಂದು ಸಂಗತಿಯನ್ನು ಅವಲಂಬಿಸಿವೆ: ತಪ್ಪಾದದ್ದನ್ನು ಸಿಬ್ಬಂದಿ ಆ ಕ್ಷಣವೇ ಹೇಳಬೇಕು. ಸಂದೇಹದ ಕೊಂಡಿಯನ್ನು ಒತ್ತಿದ ಆಪರೇಟರ್ ಬೈಗುಳಕ್ಕೆ ಹೆದರಿ ಸಂಜೆಯವರೆಗೆ ಸುಮ್ಮನಿದ್ದರೆ ಆ ಆರು ಗಂಟೆಗಳೂ ಕಳೆದುಹೋಗುತ್ತವೆ. ಅರಿಯದೆ ಮಾಡಿದ ತಪ್ಪನ್ನು ಕೂಡಲೇ ತಿಳಿಸಿದವರನ್ನು ಸಭೆಯಲ್ಲಿ ಅವಮಾನಿಸುವುದಿಲ್ಲ ಎಂಬ ಭರವಸೆಯನ್ನು ಅಧ್ಯಕ್ಷರು ಮತ್ತು ಸದಸ್ಯರು ಮೊದಲೇ ನೀಡಿರಬೇಕು. ಈ ಭರವಸೆಗೆ ಖರ್ಚಿಲ್ಲ. ಇದಕ್ಕಿಂತ ಹೆಚ್ಚು ಫಲ ಕೊಡುವ ಭದ್ರತಾ ಸಾಧನವೂ ಅಪರೂಪ.

ಕಂಪ್ಯೂಟರ್ ಇಲ್ಲದ ದಿನಗಳಲ್ಲಿ

ಯಂತ್ರ ದುರಸ್ತಿಯಾಗುವವರೆಗೆ ಜನರನ್ನು ‘ಸರ್ವರ್ ಇಲ್ಲ’ ಎಂದು ಹಿಂದಕ್ಕೆ ಕಳುಹಿಸುವುದು ಪರಿಹಾರವಲ್ಲ. ಯಾವ ಸೇವೆಗಳು ಒಂದು ದಿನವೂ ನಿಲ್ಲಬಾರದು, ಯಾವುವು ಒಂದು ವಾರ ತಡೆಯಬಲ್ಲವು ಎಂಬುದನ್ನು ಮೊದಲೇ ಪಟ್ಟಿ ಮಾಡಿಟ್ಟುಕೊಳ್ಳಬೇಕು. ಕುಡಿಯುವ ನೀರು, ಬೀದಿದೀಪ, ಸ್ವಚ್ಛತೆ ಇವುಗಳ ದೂರುಗಳಿಗೆ ಕಂಪ್ಯೂಟರ್ ಬೇಕಿಲ್ಲ. ಒಂದು ವಹಿ ಸಾಕು. ಅರ್ಜಿಗಳನ್ನು ಕಾಗದದಲ್ಲಿ ಸ್ವೀಕರಿಸಿ, ಕ್ರಮಸಂಖ್ಯೆ ಮತ್ತು ದಿನಾಂಕವಿರುವ ಸ್ವೀಕೃತಿ ನೀಡಬೇಕು. ಕಂಪ್ಯೂಟರ್ ಸರಿಯಾದ ಬಳಿಕ ಅದೇ ಕ್ರಮದಲ್ಲಿ ನಮೂದಿಸಬೇಕು. ತೆರಿಗೆ ವಸೂಲಿಗೆ ಕೈಬರಹದ ರಸೀದಿ ಬಳಸುವ ಮುನ್ನ ಮೇಲಧಿಕಾರಿಗಳ ಅನುಮತಿ ಪಡೆಯಬೇಕು. ಸಿಬ್ಬಂದಿ, ತಾಲ್ಲೂಕು ಪಂಚಾಯಿತಿ, ಬ್ಯಾಂಕ್ ಮತ್ತು ಪೊಲೀಸ್ ಠಾಣೆಯ ದೂರವಾಣಿ ಸಂಖ್ಯೆಗಳು ಕಾಗದದ ಮೇಲೂ ಇರಬೇಕು. ವರ್ಷಕ್ಕೊಮ್ಮೆ ಅರ್ಧ ದಿನ ಕಂಪ್ಯೂಟರನ್ನು ಆರಿಸಿಟ್ಟು ಕೆಲಸ ನಡೆಸಿ ನೋಡಿದರೆ, ಯಾವ ನಮೂನೆ ಮುಗಿದಿದೆ, ಯಾವ ಸಂಖ್ಯೆ ಬದಲಾಗಿದೆ ಎಂಬುದು ತಾನಾಗಿ ತಿಳಿಯುತ್ತದೆ.

ಸಾಮಾನ್ಯ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಸದಸ್ಯರು ಕಂಪ್ಯೂಟರ್ ಪರಿಣತರಾಗಬೇಕಿಲ್ಲ. ಜಮಾ ಖರ್ಚನ್ನು ಪ್ರಶ್ನಿಸುವಷ್ಟೇ ಸಹಜವಾಗಿ ಇವುಗಳನ್ನು ಕೇಳಿದರೆ ಸಾಕು.

1. ಕಳೆದ ಬ್ಯಾಕಪ್ ಯಾವ ದಿನಾಂಕದಂದು ಆಗಿದೆ? ಅದನ್ನು ತೆರೆದು ನೋಡಲಾಗಿದೆಯೇ? ವಹಿ ಎಲ್ಲಿದೆ?
2. ಪ್ರತಿಯೊಂದು ಡಿಜಿಟಲ್ ಸಹಿಯ ಡಾಂಗಲ್ ಈ ಕ್ಷಣ ಯಾರ ಬಳಿ ಇದೆ?
3. ಹಿಂದೆ ಕೆಲಸ ಮಾಡಿ ಹೋದವರ ಲಾಗಿನ್‌ಗಳು ರದ್ದಾಗಿವೆಯೇ?
4. ಕಚೇರಿಯ ಯಂತ್ರಗಳಿಗೆ ಭದ್ರತಾ ಪರಿಷ್ಕರಣೆಗಳು ಈಗಲೂ ಬರುತ್ತಿವೆಯೇ? ಇಲ್ಲವಾದಲ್ಲಿ ಬದಲಾಯಿಸಲು ಕ್ರಿಯಾ ಯೋಜನೆಯಲ್ಲಿ ಅವಕಾಶ ಮಾಡಲಾಗಿದೆಯೇ?
5. ನಾಳೆ ಬೆಳಗ್ಗೆ ಕಂಪ್ಯೂಟರ್ ತೆರೆಯದಿದ್ದರೆ ಮೊದಲ ಕರೆ ಯಾರಿಗೆ? ಯಾರು ಮಾಡುತ್ತಾರೆ?

ಮಾದರಿ ನಿರ್ಣಯ

‘ಪಂಚಾಯಿತಿಯ ಗಣಕೀಕೃತ ದಾಖಲೆಗಳ ಬ್ಯಾಕಪ್ ಅನ್ನು ಪ್ರತಿ ವಾರ ಮಾಡಿ, ಮೂರು ತಿಂಗಳಿಗೊಮ್ಮೆ ಪರಿಶೀಲಿಸಿ, ಸದರಿ ವಹಿಯನ್ನು ಸಾಮಾನ್ಯ ಸಭೆಯ ಮುಂದೆ ಮಂಡಿಸತಕ್ಕದ್ದು. ಡಿಜಿಟಲ್ ಸಹಿಯ ಸಾಧನಗಳನ್ನು ಸಂಬಂಧಿಸಿದವರೇ ಇಟ್ಟುಕೊಳ್ಳತಕ್ಕದ್ದು. ಸೈಬರ್ ಘಟನೆ ಸಂಭವಿಸಿದಲ್ಲಿ ಕೈಗೊಳ್ಳಬೇಕಾದ ಕ್ರಮಗಳ ಹಾಳೆಯನ್ನು ಕಚೇರಿಯಲ್ಲಿ ಪ್ರದರ್ಶಿಸತಕ್ಕದ್ದು. ಎರಡು ಹೊರ ಹಾರ್ಡ್‌ಡಿಸ್ಕ್‌ಗಳ ಖರೀದಿಗೆ ನಿಯಮಾನುಸಾರ ವೆಚ್ಚ ಭರಿಸಲು ಸಭೆಯು ಒಪ್ಪಿಗೆ ನೀಡಿದೆ.’

ಊರಿನ ಮನೆಗಳ ಖಾತೆ, ತೆರಿಗೆಯ ಲೆಕ್ಕ ಮತ್ತು ಬಡವರ ಅರ್ಜಿಗಳನ್ನು ಜನರು ಪಂಚಾಯಿತಿಯನ್ನು ನಂಬಿ ಒಪ್ಪಿಸಿದ್ದಾರೆ. ದಾಖಲೆ ಕಾಗದದಲ್ಲಿದ್ದಾಗ ಗೆದ್ದಲು ಮತ್ತು ಮಳೆಯಿಂದ ಕಾಪಾಡುವುದು ಹಿಂದಿನವರ ಹೊಣೆಯಾಗಿತ್ತು. ದಾಖಲೆಯ ರೂಪ ಬದಲಾಗಿದೆ. ಹೊಣೆ ಹಾಗೆಯೇ ಉಳಿದಿದೆ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸುವುದರಿಂದ ಆ ಹೊಣೆಯ ನಿರ್ವಹಣೆ ಆರಂಭವಾಗಬಹುದು.